ಕಾಲುಚೀಲ ತೆಗೆದ ಸಂಗತಿ

ನೀರು ಸರಬರಾಜು ಕಚೇರಿಯ ಮೂರನೆಯ ಮಹಡಿಯಲ್ಲಿ ನಕ್ಷೆಗಳ ಕೋಣೆ. ಅಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕುಳಿತಿದ್ದವನನ್ನು ಎಲ್ಲರೂ ಮ್ಯಾಪಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಒಮ್ಮೆ ಹೊರಗೆ ಬಂದು, ಸಹಿ ಮಾಡಿ, ಮತ್ತೆ ಒಳಗೆ ಹೋಗುತ್ತಿತ್ತು. ಊರಿನ ನೆಲದಡಿಯ ಕೊಳವೆಗಳೆಲ್ಲ ಅವನ ಕಪಾಟಿನಲ್ಲಿದ್ದವು. ಯಾವ ಬೀದಿಯ ಕೆಳಗೆ ಎಷ್ಟು ಅಂಗುಲದ ಕೊಳವೆ, ಯಾವ ತಿರುವಿನಲ್ಲಿ ಯಾವ ವಾಲ್ವು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಆದರೆ ಒಂದೇ ಒಂದು ವಾಲ್ವನ್ನೂ ಕಣ್ಣಾರೆ ಕಂಡವನಲ್ಲ. ಕಾಗದದ ಮೇಲೆ ಅವು ಸಾಸಿವೆಯಷ್ಟು ದೊಡ್ಡ ಚುಕ್ಕೆಗಳು.

ಆ ಬೇಸಿಗೆಯಲ್ಲಿ ಲೈನ್ ಇನ್‌ಸ್ಪೆಕ್ಟರ್ ಹುದ್ದೆ ಖಾಲಿಯಾಯಿತು. ಊರೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಕೊಳವೆ, ವಾಲ್ವು, ಟ್ಯಾಂಕು ನೋಡಿಕೊಳ್ಳುವ ಕೆಲಸ. ಮ್ಯಾಪಣ್ಣ ಹನ್ನೊಂದು ವರ್ಷದಿಂದ ಅದಕ್ಕೆ ಅರ್ಜಿ ಹಾಕುತ್ತಲೇ ಇದ್ದ. ಅದು ಬೇರೆಯವರಿಗೆ ಹೋಗುತ್ತಲೇ ಇತ್ತು. ಈ ಸಲ ಇಂಜಿನಿಯರ್ ಮೇಡಂ ಅವನನ್ನು ಕರೆದು, "ನಿಮ್ಮಷ್ಟು ಲೈನ್ ಗೊತ್ತಿರೋರು ಇಲ್ಲಿ ಯಾರಿದ್ದಾರೆ? ಶುಕ್ರವಾರ ಆರ್ಡರ್‌ಗೆ ಸಹಿ ಹಾಕ್ತೀನಿ" ಎಂದಿದ್ದರು. ಶುಕ್ರವಾರದವರೆಗೆ ಅವನು ತೆಪ್ಪಗೆ ಕುಳಿತಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೆ ಒಳ್ಳೆಯ ಕಾಲ ಬರುವ ಸೂಚನೆ ಸಿಕ್ಕ ಮನುಷ್ಯ ಮೊದಲು ಹೋಗುವುದು ಕ್ಷೌರದಂಗಡಿಗೆ.

ಅಲ್ಲಿ ಸರದಿಗೆ ಕಾಯುತ್ತ ಕುಳಿತಿದ್ದಾಗ ಕೈಗೆ ಒಂದು ಪತ್ರಿಕೆ ಸಿಕ್ಕಿತು. ಮಧ್ಯದ ಪುಟದಲ್ಲಿ ಒಬ್ಬ ಗಂಡಸು ಗೋಡೆಗೆ ಒರಗಿ ನಿಂತಿದ್ದ. ಅವನ ಪ್ಯಾಂಟಿಗೂ ಶೂಗೂ ನಡುವೆ ಮೂರು ಬೆರಳಗಲ ಬರಿಯ ಕಣಕಾಲು. ಸಾಕ್ಸ್ ಇಲ್ಲ. ಕೆಳಗೆ, 'ಈ ಬೇಸಿಗೆಯಲ್ಲಿ ನಿಮ್ಮ ಪಾದ ಉಸಿರಾಡಲಿ' ಎಂದು ಬರೆದಿತ್ತು. ಮ್ಯಾಪಣ್ಣ ತನ್ನ ಕಾಲು ನೋಡಿಕೊಂಡ. ಬೂದು ಬಣ್ಣದ ದಪ್ಪ ಸಾಕ್ಸ್, ಲೇಸು ಬಿಗಿದ ಕರಿ ಶೂ. ಇಪ್ಪತ್ತಾರು ವರ್ಷದಿಂದ ಈ ಎರಡು ಜೀವಗಳು ಉಸಿರು ಕಟ್ಟಿಕೊಂಡು ಬಾಳಿವೆಯಲ್ಲ ಎಂದು ಅವನಿಗೆ ಕರುಳು ಚುರುಕ್ ಎಂದಿತು. ಮೇಲಾಗಿ, ಇನ್ನು ಮುಂದೆ ಹೊರಗೆ ನಾಲ್ಕು ಜನರ ಮುಂದೆ ಓಡಾಡುವ ಕೆಲಸ. ಚುಕ್ಕೆಗಳ ಮುಂದೆ ಹೇಗಿದ್ದರೂ ನಡೆದೀತು, ಜನರ ಮುಂದೆ ನಡೆದೀತೇ?

ಶೂ ಅಂಗಡಿಯವನು ನೀಲಿ ಬಣ್ಣದ ಒಂದು ಜೊತೆ ತೆಗೆದುಕೊಟ್ಟ. ಕಂದು ಬಣ್ಣದ್ದು ಇವನ ಅಳತೆಗೆ ಇರಲಿಲ್ಲ.

"ಸ್ವಲ್ಪ ಬಿಗಿ ಇದೆಯಲ್ಲ?"

"ಬಿಗಿ ಇರ್ಬೇಕು ಸಾರ್. ಇದನ್ನ ಬರಿಗಾಲಿಗೇ ಹಾಕೋದು. ಸಾಕ್ಸ್ ಹಾಕಿದ್ರೆ ಇದರ ಮರ್ಯಾದೆ ಹೋಗುತ್ತೆ" ಎಂದ ಅಂಗಡಿಯವನು.

ಶೂವಿನ ಮರ್ಯಾದೆ ಕಾಪಾಡುವ ಹೊಣೆ ಹೊತ್ತು ಮ್ಯಾಪಣ್ಣ ಮನೆಗೆ ಬಂದ. ಬುಧವಾರ ಬೆಳಿಗ್ಗೆ, ಎರಡಂಗುಲ ಗಿಡ್ಡ ಮಾಡಿಸಿದ ಪ್ಯಾಂಟು ತೊಟ್ಟು, ಹೊಸ ಶೂ ಮೆಟ್ಟಿ, ಊಟದ ಕೋಣೆಯಲ್ಲಿ ಹೆಂಡತಿಯ ಮುಂದೆ ನಿಂತ. ಅವನ ಹೆಂಡತಿ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಡುತ್ತಿದ್ದಳು. ಊಟದ ಮೇಜೇ ಅವಳ ಕಚೇರಿ. ಕೆಂಪು ಪೆನ್ನು ಎತ್ತದೆಯೇ ಅವಳು ಗಂಡನನ್ನು ಮೇಲಿಂದ ಕೆಳಗೆ ಓದಿದಳು. ಕೊನೆಯ ಸಾಲಿಗೆ ಬಂದಾಗ ನಿಂತಳು.

"ಏನ್ರೀ ಇದು?"

"ಲೋಫರ್."

"ಯಾರು?"

"ಯಾರೂ ಅಲ್ಲ ಕಣೆ. ಶೂ ಹೆಸರು."

"ಕಾಲುಚೀಲ ಎಲ್ಲಿ?" ಮನೆಯಲ್ಲಿ ಅವಳೊಬ್ಬಳೇ ಸಾಕ್ಸ್‌ಗೆ ಕಾಲುಚೀಲ ಎನ್ನುತ್ತಿದ್ದವಳು. ಕರಡು ತಿದ್ದುವವರಿಗೆ ಪದಗಳ ವಿಷಯದಲ್ಲಿ ಸ್ವಲ್ಪ ಹಟ.

"ಇದಕ್ಕೆ ಹಾಕ್ಕೊಳ್ಳೋ ಹಾಗಿಲ್ಲ. ಬೇಸಿಗೇಲಿ ಹೀಗೇ ಹಾಕ್ಕೊಳ್ಳೋದು. ಇದೇ ಸ್ಟೈಲು."

ಅವಳು ಇನ್ನೊಮ್ಮೆ ಅವನ ಕಣಕಾಲು ನೋಡಿದಳು. ಆಮೇಲೆ, "ಬಸ್ಸಿಗೆ ಹೊತ್ತಾಯ್ತು, ಹೊರಡಿ" ಎಂದಳು.

ಅವನು ಹೋದ ಹತ್ತು ನಿಮಿಷಕ್ಕೆ ದೊಡ್ಡಮ್ಮನ ಫೋನು ಬಂತು. ದೊಡ್ಡಮ್ಮ ಎಂದರೆ ಮ್ಯಾಪಣ್ಣನ ತಾಯಿಯ ಅಕ್ಕ. ಬಸ್ಸಿನಲ್ಲಿ ಐದು ಗಂಟೆ ದೂರದ ಊರಲ್ಲಿರುವವರು, ಅವನನ್ನು ಎತ್ತಿ ಆಡಿಸಿದವರು, ಕಿವಿ ಸ್ವಲ್ಪ ಮಂದ. ಪ್ರತಿ ಬುಧವಾರ ಫೋನು ಮಾಡಿ ಕ್ಷೇಮ ವಿಚಾರಿಸುವುದು ಅವರ ಪದ್ಧತಿ. ಆ ದಿನ ನಡೆದ ಮಾತುಕತೆ ಮ್ಯಾಪಣ್ಣನಿಗೆ ಗೊತ್ತಾದದ್ದು ಬಹಳ ತಡವಾಗಿ. ಆದರೆ ನಡೆದದ್ದು ಹೀಗೆ.

"ಹೇಗಿದ್ದಾನಮ್ಮಾ ನಮ್ಮ ಹುಡುಗ?"

"ಚೆನ್ನಾಗಿದ್ದಾರೆ ದೊಡ್ಡಮ್ಮ. ಒಂದೇ ಹೊಸ ಸುದ್ದಿ ಅಂದ್ರೆ ಕಾಲುಚೀಲ ತೆಗೆದುಬಿಟ್ಟಿದ್ದಾರೆ."

"ಏನು? ತೆಗೆದುಬಿಟ್ರಾ? ಯಾವ ಕಾಲಮ್ಮಾ?"

"ಒಂದು ಕಾಲಿಂದು ತೆಗೆದು ಇನ್ನೊಂದು ಬಿಡೋಕಾಗುತ್ತಾ ದೊಡ್ಡಮ್ಮ? ಎರಡೂ."

ಆ ಕಡೆ ಏನೋ ಪಾತ್ರೆ ಬಿದ್ದ ಸದ್ದಾಯಿತು.

"ಡಾಕ್ಟರು ಹೇಳಿದ್ರಾ?"

"ಯಾವ ಡಾಕ್ಟರೂ ಇಲ್ಲ. ಕ್ಷೌರದಂಗಡೀಲಿ ಆದ ತೀರ್ಮಾನ."

"ಕ್ಷೌರದಂಗಡೀಲಿ! ಅಯ್ಯೋ! ಈಗ ಎಲ್ಲಿದ್ದಾನೆ? ಮಲಗಿದ್ದಾನಾ?"

"ಯಾಕೆ ಮಲಗ್ತಾರೆ? ಆಫೀಸಿಗೆ ಹೋದ್ರು. ಬಸ್ಸಲ್ಲಿ."

ಲೈನು ಕಟ್ಟಾಯಿತು. ಹೆಂಡತಿ ಕರಡಿಗೆ ಮರಳಿದಳು. ಅತ್ತ ದೊಡ್ಡಮ್ಮ ಅಟ್ಟದ ಬಾಗಿಲು ತೆಗೆದರು.

ಇತ್ತ ಕಚೇರಿಯಲ್ಲಿ ಮ್ಯಾಪಣ್ಣ ಮೊದಲ ಮಹಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದುರಿಗೆ ಟಪಾಲು ಸಿಕ್ಕಿದ. ಟಪಾಲು ಎಂದರೆ ಟಪಾಲು ವಿಭಾಗದ ಗುಮಾಸ್ತ. ಪತ್ರಗಳನ್ನು ಮೂರು ದಿನಕ್ಕೆ ಮುಟ್ಟಿಸುತ್ತಿದ್ದ, ಸುದ್ದಿಯನ್ನು ಮೂರು ನಿಮಿಷಕ್ಕೆ.

"ಮ್ಯಾಪಣ್ಣಾ, ಸಾಕ್ಸ್ ಎಲ್ಲಿ?"

ಮೆಟ್ಟಿಲ ಮೇಲೆ ಆರೇಳು ಜನ ಇದ್ದರು. ಎಲ್ಲರೂ ತಿರುಗಿ ಅವನ ಕಾಲು ನೋಡಿದರು. ಮನೆಯಲ್ಲಿ ಸಲೀಸಾಗಿ ಹೇಳಿದ್ದ ಸ್ಟೈಲು ಎಂಬ ಮಾತು ಇಲ್ಲಿ ಗಂಟಲಲ್ಲೇ ಕುಳಿತುಬಿಟ್ಟಿತು. ಬಾಯಿಗೆ ಬಂದದ್ದು ಬೇರೆ.

"ಡಾಕ್ಟರು ಹೇಳಿದ್ದಾರೆ."

"ಏನಂತ?"

"ಪಾದಕ್ಕೆ ಗಾಳಿ ಆಡಲಿ ಅಂತ."

ಒಬ್ಬ ಮರ್ಯಾದಸ್ಥ ತನ್ನ ಮಾನ ಕಾಪಾಡಿಕೊಳ್ಳಲು ಹೇಳಬಹುದಾದ ಅತಿ ಚಿಕ್ಕ ಸುಳ್ಳು ಇದು. ಮ್ಯಾಪಣ್ಣ ಅದನ್ನು ಅಲ್ಲೇ ಬಿಟ್ಟು ಮೇಲೆ ಹೋದ. ಸುಳ್ಳು ಕೆಳಗೆ ಹೋಯಿತು.

"ಗಾಳಿ ಆಡಲಿ ಅಂದ್ರೆ ಗಾಯ ಇರ್ಬೇಕು" ಎಂದು ಟಪಾಲು ಲೆಕ್ಕ ಹಾಕಿದ. "ಸಾಕ್ಸ್ ಬೇಡ ಅಂದಿದ್ದಾರೆ ಅಂದ್ರೆ ಗಾಯ ಒಣಗ್ತಿಲ್ಲ. ಗಾಯ ಒಣಗ್ತಿಲ್ಲ ಅಂದ್ರೆ ಸಕ್ಕರೆ. ಪಾಪ, ನಮ್ಮ ಮ್ಯಾಪಣ್ಣನಿಗೆ ಸಕ್ಕರೆ ಕಾಯಿಲೆ ಕಾಲಿಗಿಳಿದಿದೆ."

ಮಧ್ಯಾಹ್ನದ ಹೊತ್ತಿಗೆ ಶೂ ಕಚ್ಚಲು ಶುರುವಾಯಿತು. ಹಿಮ್ಮಡಿಯಲ್ಲಿ ಎರಡು, ಕಿರುಬೆರಳಿನ ಪಕ್ಕ ಒಂದು ಬೊಕ್ಕೆ ಎದ್ದವು. ಮ್ಯಾಪಣ್ಣ ಕುಂಟುತ್ತ ನೀರು ಕುಡಿಯಲು ಹೋಗಿ ಬಂದ. ಟೈಪಿಸ್ಟ್ ಹೆಂಗಸು, "ಏನಾಯ್ತು ಸಾರ್?" ಎಂದಳು.

"ಏನಿಲ್ಲ, ಕಚ್ಚಿದೆ" ಎಂದ ಅವನು ಹಲ್ಲು ಕಚ್ಚಿಕೊಂಡು.

ಈ ಮಾತು ಎರಡನೆಯ ಮಹಡಿಗಿಳಿದಾಗ ಏನೋ ಕಚ್ಚಿದೆಯಂತೆ ಎಂದಾಯಿತು. ನೆಲಮಹಡಿ ಮುಟ್ಟುವಷ್ಟರಲ್ಲಿ ಆ ಏನೋ ಎಂಬುದಕ್ಕೆ ಹೆಡೆ ಬಂದಿತ್ತು. ಆದರೆ ಸಕ್ಕರೆಯ ಪಕ್ಷ ಬಲವಾಗಿದ್ದರಿಂದ ಹಾವಿನ ಪಕ್ಷ ಸಂಜೆಯೊಳಗೆ ಸೋತಿತು.

ಮೂರು ಗಂಟೆಗೆ ಮ್ಯಾಪಣ್ಣ ಮೇಜಿನ ಕೆಳಗೆ ಮೆಲ್ಲಗೆ ಶೂ ಕಳಚಿದ. ಬೇಸಿಗೆಯ ಬೆವರು, ಅಗ್ಗದ ಬಣ್ಣ. ಎರಡೂ ಪಾದ ಬೆರಳಿನಿಂದ ಕಣಕಾಲಿನವರೆಗೆ ಕಡುನೀಲಿಯಾಗಿದ್ದವು. ಅವನು ಗಾಬರಿಯಾಗಿ ಕರ್ಚೀಫು ತೆಗೆಯುವ ಹೊತ್ತಿಗೆ ಸರಿಯಾಗಿ ಟಪಾಲು ಒಂದು ಕಡತ ತಂದ. ಕಡತದಿಂದ ಒಂದು ಕಾಗದ ಜಾರಿ ಮೇಜಿನ ಕೆಳಗೆ ಬಿತ್ತು. ಟಪಾಲು ಬಗ್ಗಿದ. ಬಗ್ಗಿದವನು ಸ್ವಲ್ಪ ಹೊತ್ತು ಏಳಲಿಲ್ಲ. ಎದ್ದಾಗ ಅವನ ಮುಖದಲ್ಲಿ ರಕ್ತ ಇರಲಿಲ್ಲ. ಕಾಗದವನ್ನು ಅಲ್ಲೇ ಬಿಟ್ಟು, ಒಂದೂ ಮಾತಾಡದೆ ಹೋದ. ಅವನು ಮಾತಾಡದೆ ಹೋದದ್ದು ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು.

ಗುರುವಾರ ಬೆಳಿಗ್ಗೆ ಮ್ಯಾಪಣ್ಣ ಕಚೇರಿಗೆ ಬಂದಾಗ ಕಾವಲುಗಾರ ಎದ್ದು ನಿಂತ. ಮೆಟ್ಟಿಲ ಬುಡದಲ್ಲಿ ಮೀಟರ್ ವಿಭಾಗದ ಇಬ್ಬರು ಕಾಯುತ್ತಿದ್ದರು. ಅವರು ಒಂದು ಕುರ್ಚಿ ತಂದಿದ್ದರು.

"ಕೂತ್ಕೊಳ್ಳಿ ಸಾರ್. ಎತ್ಕೊಂಡು ಹೋಗ್ತೀವಿ."

"ಯಾಕ್ರಯ್ಯಾ?"

"ಯಾಕೆ ಅಂತ ಕೇಳ್ಬೇಡಿ ಸಾರ್" ಎಂದ ಒಬ್ಬ. ಇನ್ನೊಬ್ಬ ಕುರ್ಚಿಯ ಧೂಳು ಒರೆಸಿದ.

ಮ್ಯಾಪಣ್ಣ ಕುರ್ಚಿ ಬೇಡವೆಂದು ನಡೆದೇ ಹತ್ತಿದ. ಬೊಕ್ಕೆಗಳ ಉರಿಗೆ ಮೆಟ್ಟಿಲಿಗೊಂದು ಸಲ ಮುಖ ಕಿವುಚುತ್ತಿದ್ದ. ಹಿಂದೆ ಬಂದವರು ಆ ಮುಖ ನೋಡಿ ತಲೆಯಾಡಿಸಿದರು. ಕೋಣೆಯಲ್ಲಿ ಮೇಜಿನ ಮೇಲೆ ಹಣ್ಣು, ಒಂದು ಪೊಟ್ಟಣ ಬಿಸ್ಕತ್ತು. ಸಕ್ಕರೆಯಿಲ್ಲದ್ದು.

ಹನ್ನೊಂದು ಗಂಟೆಗೆ ಮೇಡಂ ಕರೆದರು. ಮೇಡಂ ಕಟ್ಟುನಿಟ್ಟಿನ ಹೆಂಗಸು. ಆ ದಿನ ಮಾತ್ರ ಅವರೇ ಎದ್ದು ಬಂದು ಕುರ್ಚಿ ಎಳೆದುಕೊಟ್ಟರು. ಮ್ಯಾಪಣ್ಣ ಅದರ ತುದಿಯಲ್ಲಿ ಕುಳಿತ.

"ನಿಮ್ಮ ವಿಷಯ ಎಲ್ಲ ಗೊತ್ತಾಯ್ತು. ಕಾಲೆಲ್ಲ ನೀಲಿಗಟ್ಟಿದೆಯಂತೆ. ನೀವೇ ಬಂದು ಹೇಳ್ಬಹುದಿತ್ತು. ಇರಲಿ. ನಿಮ್ಮ ಸೀಟನ್ನ ನೆಲಮಹಡಿಗೆ ಹಾಕಿಸ್ತೀನಿ. ಮೆಟ್ಟಿಲ ತಾಪತ್ರಯ ಇಲ್ಲ. ನಿವೃತ್ತಿವರೆಗೂ ಆರಾಮಾಗಿ ಕೂತು ಕೆಲಸ ಮಾಡಿ."

"ಕೂತು? ಮೇಡಂ, ಲೈನ್ ಇನ್‌ಸ್ಪೆಕ್ಟರ್..."

"ಅದು ದಿನಕ್ಕೆ ಹದಿನೈದು ಮೈಲಿ ಓಡಾಡೋ ಕೆಲಸ. ಈ ಪರಿಸ್ಥಿತೀಲಿ ನಿಮಗೆ ಹೇಗೆ ಕೊಡ್ಲಿ? ಮೀಟರ್ ವಿಭಾಗದವರಿಗೆ ಕೊಡ್ತೀನಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಕೇಳಿದ್ದ. ಕಾಲಿನ ದೆಸೆಯಿಂದ ತುತ್ತು ತಪ್ಪುವುದನ್ನು ಈಗ ಕಂಡ. ಮಾನ ಮರ್ಯಾದೆ ಎಲ್ಲ ಬದಿಗಿಟ್ಟು ಅವನು ನಿಜ ಹೇಳಿದ.

"ಮೇಡಂ, ನನಗೆ ಕಾಯಿಲೆ ಏನೂ ಇಲ್ಲ. ಡಾಕ್ಟರು ಹೇಳಿದ್ರು ಅಂದಿದ್ದೂ ಸುಳ್ಳು. ನಾನು ಸಾಕ್ಸ್ ಬಿಟ್ಟಿದ್ದು... ಸ್ಟೈಲಿಗೆ."

ಮೇಡಂ ಅವನನ್ನು ನೋಡಿದರು. ಜೇಬಿನಲ್ಲಿ ಮೂರು ಬಣ್ಣದ ಪೆನ್ಸಿಲು, ಮೂಗಿನ ತುದಿಯಲ್ಲಿ ಕನ್ನಡಕ, ಮೊಣಕೈಯಲ್ಲಿ ಮಸಿ.

"ನೀವು? ಸ್ಟೈಲಿಗೆ?"

"ಹೌದು ಮೇಡಂ."

ಮೇಡಂ ಕಣ್ಣು ತೇವವಾಯಿತು. "ಇಂಥ ಹೊತ್ತಲ್ಲೂ ತಮಾಷೆ ಮಾಡ್ತೀರಲ್ಲ. ನಿಮ್ಮ ಧೈರ್ಯ ದೊಡ್ಡದು. ನಾಳೆ ಹತ್ತು ಗಂಟೆಗೆ ನಮ್ಮ ಡಾಕ್ಟರು ಬಂದು ನೋಡ್ತಾರೆ. ಅವರು ಬರೆದುಕೊಟ್ಟ ಹಾಗೆ ಆರ್ಡರ್ ಮಾಡ್ತೀನಿ."

ಒಬ್ಬನ ಕಾಲು ಹೋಯಿತು ಎಂದರೆ ಜಗತ್ತು ಥಟ್ಟನೆ ನಂಬುತ್ತದೆ. ಐವತ್ತೆರಡು ವರ್ಷದವನೊಬ್ಬನಿಗೆ ಚೆನ್ನಾಗಿ ಕಾಣುವ ಆಸೆ ಬಂತು ಎಂದರೆ ಡಾಕ್ಟರ ಸರ್ಟಿಫಿಕೇಟು ಕೇಳುತ್ತದೆ.

ಸಂಜೆ ಬಚ್ಚಲಲ್ಲಿ ಗಂಡನನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಂಡತಿ ಬಟ್ಟೆ ತೊಳೆಯುವ ಬ್ರಷ್ಷಿನಿಂದ ಅವನ ಪಾದ ಉಜ್ಜಿದಳು. ಸೋಪು ಮುಗಿಯಿತು, ಸೋಡಾಪುಡಿ ಮುಗಿಯಿತು. ಕಡುನೀಲಿ ಹೋಗಿ ಅಲ್ಲಲ್ಲಿ ನೇರಳೆ ಬಂತು.

"ಮೊದಲೇ ಚೆನ್ನಾಗಿತ್ತು. ಈಗ ಹೆಣದ ಕಾಲಿನ ಹಾಗೆ ಕಾಣ್ತಿದೆ" ಎಂದಳು ಅವಳು, ಕರಡಿನಲ್ಲಿ ತಪ್ಪು ತೋರಿಸುವ ಧ್ವನಿಯಲ್ಲಿ. "ನಾಳೆ ಕಾಲುಚೀಲ ಹಾಕ್ಕೊಂಡು ಹಳೇ ಶೂ ಹಾಕ್ಕೊಂಡು ಹೋಗಿ."

"ಹಾಕ್ಕೊಂಡ್ರೆ ಮುಚ್ಚಿಡ್ತಿದ್ದಾನೆ ಅಂತಾರೆ."

"ಹಾಗಾದ್ರೆ ನಿಜ ಹೇಳಿ."

"ಹೇಳ್ದೆ. ನಂಬಲಿಲ್ಲ." ನೀಲಿ ನೀರು ಹರಿದುಹೋಗುವುದನ್ನು ನೋಡುತ್ತ ಕೇಳಿದ, "ಅಷ್ಟೊಂದು ನಂಬೋಕಾಗದ ಹಾಗಿದೀನಾ ನಾನು?"

ಅವಳು ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಅವನ ಪಾದದ ಮೇಲೆ ಒಂದು ಚೊಂಬು ತಣ್ಣೀರು ಸುರಿದಳು.

ಶುಕ್ರವಾರ ಹತ್ತಕ್ಕೆ ಮೇಡಂ ಕೋಣೆಯಲ್ಲಿ ಡಾಕ್ಟರು ಬಂದು ಕುಳಿತಿದ್ದರು. ದಪ್ಪ ಕನ್ನಡಕದ, ಅವಸರವಿಲ್ಲದ ಮನುಷ್ಯ. ಟಪಾಲು ಸಾಕ್ಷಿಯ ಹೆಸರಿನಲ್ಲಿ ಒಳಗೆ ನಿಂತಿದ್ದ. ಉಳಿದ ಕಚೇರಿ ಯಾವ ಹೆಸರೂ ಇಲ್ಲದೆ ಬಾಗಿಲ ಹೊರಗೆ ನಿಂತಿತ್ತು.

"ಶೂ ತೆಗೀರಿ" ಎಂದರು ಡಾಕ್ಟರು.

ಮ್ಯಾಪಣ್ಣ ತೆಗೆದ. ಟೈಪಿಸ್ಟ್ ಕಣ್ಣು ಮುಚ್ಚಿಕೊಂಡಳು. ಮೇಡಂ ಕಿಟಕಿಯ ಕಡೆ ತಿರುಗಿದರು.

ಡಾಕ್ಟರು ಹಿಮ್ಮಡಿ ಒತ್ತಿದರು. "ನೋವಾಗುತ್ತಾ?"

"ಅಯ್ಯಮ್ಮಾ!"

"ಸ್ಪರ್ಶ ಇದೆ" ಎಂದು ಬರೆದುಕೊಂಡರು. ಆಮೇಲೆ ಹತ್ತಿಗೆ ಸ್ಪಿರಿಟ್ಟು ಹಚ್ಚಿ ಹೆಬ್ಬೆರಳು ಒರೆಸಿದರು. ಹತ್ತಿ ನೀಲಿಯಾಯಿತು. ಹೆಬ್ಬೆರಳು ಹೆಬ್ಬೆರಳಿನ ಬಣ್ಣಕ್ಕೆ ಬಂತು. ಡಾಕ್ಟರು ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿ ನೋಡಿದರು.

"ಇದು ಬಣ್ಣ."

"ಬಣ್ಣ?" ಎಂದರು ಮೇಡಂ.

"ಮೂವತ್ತು ವರ್ಷದಲ್ಲಿ ಇಂಥಾ ಕೇಸು ನೋಡಿಲ್ಲ. ಯಾಕ್ರೀ ಕಾಲಿಗೆ ಬಣ್ಣ ಬಳ್ಕೊಂಡ್ರಿ?"

"ಬಳ್ಕೊಳ್ಳಲಿಲ್ಲ ಡಾಕ್ಟ್ರೇ. ಶೂದು ಹತ್ತಿದೆ."

"ಸಾಕ್ಸ್ ಯಾಕೆ ಹಾಕಲಿಲ್ಲ?"

"ಸ್ಟೈಲಿಗೆ."

ಡಾಕ್ಟರು ಕನ್ನಡಕ ಕೆಳಗಿಳಿಸಿ ಮೇಡಂ ಮುಖ ನೋಡಿದರು. ಮೇಡಂ ಡಾಕ್ಟರ ಮುಖ ನೋಡಿದರು. ಡಾಕ್ಟರು ಧ್ವನಿ ತಗ್ಗಿಸಿ, ತುಂಬ ಮೃದುವಾಗಿ ಕೇಳಿದರು, "ಇತ್ತೀಚೆಗೆ ನಿದ್ದೆ ಚೆನ್ನಾಗಿ ಬರ್ತಿದೆಯಾ? ಮನೇಲಿ ಎಲ್ಲ ಸರಿಯಾಗಿದೆಯಾ?"

ಸಕ್ಕರೆಯಿಂದ ಪಾರಾದವನು ಹುಚ್ಚಿನ ದಾರಿ ಹಿಡಿಯುತ್ತಿದ್ದಾನೆಂದು ಮ್ಯಾಪಣ್ಣನಿಗೆ ಅರ್ಥವಾಯಿತು. ಅಷ್ಟರಲ್ಲಿ ಹೊರಗೆ ಗದ್ದಲ ಎದ್ದಿತು. ಬಾಗಿಲಲ್ಲಿದ್ದ ಗುಂಪು ಎರಡಾಗಿ ಸೀಳಿತು. ನಡುವಿನಿಂದ, ಕಬ್ಬಿಣ ಕಿರುಗುಟ್ಟುವ ಸದ್ದಿನೊಂದಿಗೆ, ಒಂದು ಗಾಲಿಕುರ್ಚಿ ಒಳಗೆ ಬಂತು. ಅದರಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ತಳ್ಳುತ್ತ ಬಂದವರು ದೊಡ್ಡಮ್ಮ. ಮೂರು ಮಹಡಿ ಅದನ್ನು ಹೊತ್ತು ತಂದಿದ್ದ ಮೀಟರ್ ವಿಭಾಗದ ಇಬ್ಬರು ಬಾಗಿಲಿಗೆ ಒರಗಿ ಏದುಸಿರು ಬಿಡುತ್ತಿದ್ದರು. ಅವರ ಹಿಂದೆ ಮ್ಯಾಪಣ್ಣನ ಹೆಂಡತಿ, ಕಿವಿಯ ಹಿಂದೆ ಕೆಂಪು ಪೆನ್ನು ಸಿಕ್ಕಿಸಿಕೊಂಡೇ ಓಡಿ ಬಂದಿದ್ದವಳು.

"ಎಲ್ಲಿ ನನ್ನ ಕಂದ? ಎರಡೂ ಕಾಲು ಕಳ್ಕೊಂಡ ಮೇಲೂ ಅವನ ಕೈಲಿ ಕೆಲಸ ಮಾಡಿಸ್ತೀರಾ? ನಿಮಗೆ ಕರುಳಿದೆಯಾ?" ಎಂದು ದೊಡ್ಡಮ್ಮ ಕೋಣೆಗೆಲ್ಲ ಒಟ್ಟಾಗಿ ಬೈದರು.

"ದೊಡ್ಡಮ್ಮಾ! ಇಲ್ಲಿದೀನಿ!" ಎಂದು ಮ್ಯಾಪಣ್ಣ ಎದ್ದು ನಿಂತ.

ದೊಡ್ಡಮ್ಮ ಅವನ ಮುಖ ನೋಡಿದರು. ಆಮೇಲೆ ಕೆಳಗೆ ನೋಡಿದರು. ಒಂದು ಕಾಲು ಮುಟ್ಟಿದರು, ಇನ್ನೊಂದು ಮುಟ್ಟಿದರು.

"ಎರಡೂ ಇದೆಯಲ್ಲೋ!"

"ಇದೆ ದೊಡ್ಡಮ್ಮ."

"ಮತ್ತೆ ತೆಗೆದ್ರು ಅಂದ್ಲಲ್ಲ ಇವಳು?"

"ಕಾಲಲ್ಲ ದೊಡ್ಡಮ್ಮ, ಕಾಲು ಚೀ-ಲ!" ಎಂದು ಹೆಂಡತಿ ಅವರ ಕಿವಿಯ ಬಳಿ ಅಕ್ಷರ ಬಿಡಿಸಿ ಕೂಗಿದಳು. "ಫೋನಲ್ಲಿ ಹೇಳಿದ್ದೂ ಅದೇ. ಬೆಳಿಗ್ಗೆ ಮನೆ ಮುಂದೆ ಹೇಳಿದ್ದೂ ಅದೇ. ಕೇಳಿಸ್ಕೊಂಡಿದ್ರೆ ತಾನೇ?"

ದೊಡ್ಡಮ್ಮ ಗಾಲಿಕುರ್ಚಿಯ ಕೈ ಹಿಡಿದು ನಿಟ್ಟುಸಿರು ಬಿಟ್ಟರು. ಸಂತೋಷವೇ ಆಗಿತ್ತು, ಆದರೆ ಅದರ ಅಡಿಯಲ್ಲಿ ಚೂರು ನಿರಾಸೆಯೂ ಇತ್ತು. "ನಿಮ್ಮ ದೊಡ್ಡಪ್ಪಂದು. ಅಟ್ಟದಿಂದ ಇಳಿಸಿ, ನಿನ್ನೆಯೆಲ್ಲ ಗಾಲಿಗೆ ಎಣ್ಣೆ ಹಾಕಿ ಉಜ್ಜಿದೆ. ಬಸ್ಸಿನ ಮೇಲೆ ಹಾಕಿಸ್ಕೊಂಡು ಬಂದೆ. ಅಷ್ಟು ದೂರದಿಂದ ತಂದಿದೀನಿ, ಒಂದ್ಸಲ ಕೂತಾದ್ರೂ ನೋಡೋ."

"ಒಂದು ನಿಮಿಷ" ಎಂದರು ಡಾಕ್ಟರು. ಅವರು ಹೆಂಡತಿಯ ಕಡೆ ತಿರುಗಿದರು. "ನೀವು ಇವರ ಮನೆಯವರಾ? ಒಂದು ವಿಷಯ ಸರಿಯಾಗಿ ಹೇಳಿ. ಇವರು ಸ್ಟೈಲಿಗೆ ಅಂತ ಸಾಕ್ಸ್ ಬಿಟ್ಟೆ ಅಂತಿದ್ದಾರೆ. ಇದನ್ನ ನಂಬಬಹುದಾ?"

ಮ್ಯಾಪಣ್ಣ ತನ್ನ ಅರೆನೀಲಿ ಪಾದಗಳನ್ನು ಒಂದರ ಹಿಂದೆ ಒಂದು ಮರೆಸಲು ನೋಡಿದ.

"ನಂಬದೇ ಇರೋಕೆ ಏನಿದೆ?" ಎಂದಳು ಅವಳು. "ಸ್ಟೈಲಿಗೇ ಬಿಟ್ಟಿದ್ದು. ಬುಧವಾರ ಬೆಳಿಗ್ಗೆ ನನ್ನ ಮುಂದೆ ನಿಂತು ತೋರಿಸಿ ಹೋದ್ರು. ಯಾಕೆ, ಇವರು ಮಾಡ್ಬಾರ್ದಾ? ಮಸಿ ಮೆತ್ಕೊಂಡು ಮೂರನೇ ಮಹಡೀಲೇ ಕೂತಿರ್ಬೇಕು ಅಂತ ಏನಾದ್ರೂ ನಿಯಮ ಇದೆಯಾ?"

ಡಾಕ್ಟರು ಪೆನ್ನು ತೆಗೆದು ಬರೆದು, ಗಟ್ಟಿಯಾಗಿ ಓದಿದರು: "ಎರಡೂ ಕಾಲುಗಳಿವೆ. ಬಣ್ಣ ಶೂವಿನದು. ಕಾರಣ, ಸ್ಟೈಲು." ಸಹಿ ಹಾಕಿ ಮೇಡಂ ಕೈಗೆ ಕೊಟ್ಟರು.

ಮೇಡಂ ಅದನ್ನು ಎರಡು ಸಲ ಓದಿದರು. ಅವರು ನಿಯಮದ ಹೆಂಗಸು. "ಕಾಲು ಇದೆ ಅಂತ ಆಯ್ತು. ನಡೆಯುತ್ತೆ ಅಂತ ಆಗ್ಬೇಕಲ್ಲ? ನೀವು ಎರಡು ದಿನದಿಂದ ಕುಂಟ್ತಿರೋದನ್ನ ಇಡೀ ಆಫೀಸು ನೋಡಿದೆ. ಹಿಂದಿನ ಟ್ಯಾಂಕು ಹತ್ತಿ ಇಳೀರಿ. ಆಮೇಲೆ ಮಾತಾಡೋಣ."

ಕಚೇರಿಯ ಹಿಂಭಾಗದಲ್ಲಿ ಊರಿಗೆಲ್ಲ ನೀರು ಕೊಡುವ ದೊಡ್ಡ ಟ್ಯಾಂಕು. ಕಬ್ಬಿಣದ ಮೆಟ್ಟಿಲು ನೂರಾ ಹನ್ನೆರಡು. ಮ್ಯಾಪಣ್ಣನಿಗೆ ಆ ಸಂಖ್ಯೆ ಗೊತ್ತಿತ್ತು, ನಕ್ಷೆಯಲ್ಲಿ ಅವನೇ ಬರೆದದ್ದು. ಆದರೆ ಬೇಸಿಗೆಯ ಬಿಸಿಲಿನಲ್ಲಿ ಆ ಮೆಟ್ಟಿಲು ಹಂಚಿನಂತೆ ಕಾಯುತ್ತದೆಂದು ನಕ್ಷೆಯಲ್ಲಿರಲಿಲ್ಲ. ಅವನು ಶೂ ಮೆಟ್ಟಿ ಹತ್ತಿದ. ಕೆಳಗೆ ಟಪಾಲು ಗಟ್ಟಿಯಾಗಿ ಎಣಿಸುತ್ತಿದ್ದ. ಮೂವತ್ತರಲ್ಲಿ ಒಂದು ಬೊಕ್ಕೆ ಒಡೆಯಿತು. ಅರವತ್ತರಲ್ಲಿ ಇನ್ನೊಂದು. ತೊಂಬತ್ತರ ಮೇಲೆ ಕಾಲು ತನ್ನದೋ ಬೇರೆಯವರದೋ ಎಂದು ತಿಳಿಯದಾಯಿತು.

ಮೇಲೆ ಹೋದಾಗ ಎದುರಿಗೆ ವಾಲ್ವು ಇತ್ತು. ಎಂಟು-ಎ. ಈ ಒಂದನ್ನು ಅವನು ಹದಿನಾಲ್ಕು ಸಲ ಬರೆದಿದ್ದ, ಪ್ರತಿ ಸಲವೂ ಪೆನ್ಸಿಲಿನ ತುದಿಯಷ್ಟು. ಅದು ಎಮ್ಮೆಯ ತಲೆಯಷ್ಟು ದೊಡ್ಡದಿತ್ತು. ಮೇಲೊಂದು ಕೆಂಪು ಚಕ್ರ, ಚಕ್ರದ ಮೇಲೆ ಒಂದು ಕಾಗೆ.

"ಇಷ್ಟು ದೊಡ್ಡದಾ ನೀನು!" ಎಂದ ಮ್ಯಾಪಣ್ಣ. ಕಾಗೆ ಹಾರಿಹೋಯಿತು.

ಅವನು ಕೈಯಿಟ್ಟು ನೋಡಿದ. ಒಳಗೆ ನೀರು ಹರಿಯುವುದು ಅಂಗೈಗೆ ಗೊತ್ತಾಗುತ್ತಿತ್ತು. ಕೆಳಗೆ ಊರು ಹರಡಿತ್ತು. ಯಾವ ಬೀದಿಯೂ ಅವನಿಗೆ ಹೊಸದಲ್ಲ, ಎಲ್ಲವೂ ಅವನು ಬರೆದ ಗೆರೆಗಳೇ. ಆದರೆ ಈ ಗೆರೆಗಳ ಮೇಲೆ ಜನ ಓಡಾಡುತ್ತಿದ್ದರು, ಬಟ್ಟೆ ಒಣಗುತ್ತಿತ್ತು. ಅವನು ಸ್ವಲ್ಪ ಹೊತ್ತು ಕಾಲಿನ ಉರಿಯನ್ನು ಮರೆತ. ಆಮೇಲೆ ಚಕ್ರದ ಮೇಲೆ ಕೆತ್ತಿದ್ದ ಬಾಣದ ಗುರುತು ಕಣ್ಣಿಗೆ ಬಿತ್ತು. ಬಗ್ಗಿ ನೋಡಿದ. ಕೈ ಬೀಸಿ ಕೆಳಗೆ ಕೂಗಿದ.

"ಏನೋ ಕೂಗ್ತಿದ್ದಾರೆ ಮೇಡಂ" ಎಂದ ಟಪಾಲು. "ಕಾಲು ಹೋಯ್ತು ಅಂತಿರ್ಬೇಕು."

"ಸುಮ್ನಿರಿ!" ಎಂದರು ಮೇಡಂ.

ಎರಡನೆಯ ಸಲ ಸರಿಯಾಗಿ ಕೇಳಿಸಿತು. "ಮೇಡಂ! ಎಂಟು-ಎ ಎಡಕ್ಕೆ ತಿರುಗಿಸಿದ್ರೆ ಮುಚ್ಚುತ್ತೆ! ನಮ್ಮ ನಕ್ಷೇಲಿ ಬಲಕ್ಕೆ ಅಂತಿದೆ! ಇಪ್ಪತ್ತಾರು ವರ್ಷದಿಂದ ತಪ್ಪಿದೆ!"

ಮೇಡಂ ಕತ್ತೆತ್ತಿ ಟ್ಯಾಂಕು ನೋಡಿದರು. ಹೋದ ವರ್ಷ ಇದೇ ವಾಲ್ವನ್ನು ಮುಚ್ಚಲು ಹೋಗಿ ಪೂರ್ತಿ ತೆರೆದು, ನಾಲ್ಕು ಬೀದಿಗೆ ನೀರು ನುಗ್ಗಿದ್ದು, ಯಾಕೆಂದು ಯಾರಿಗೂ ತಿಳಿಯದೆ ಕಡತ ಮುಚ್ಚಿದ್ದು ಅವರಿಗೆ ನೆನಪಿತ್ತು. ಅವರು ಆರ್ಡರ್ ಕಾಗದ ತೆಗೆದು, ಟಪಾಲುವನ್ನು ಬಗ್ಗಿಸಿ, ಅವನ ಬೆನ್ನ ಮೇಲಿಟ್ಟು ಸಹಿ ಹಾಕಿದರು.

ಮ್ಯಾಪಣ್ಣ ಇಳಿದು ಬಂದ. ಕೊನೆಯ ಮೆಟ್ಟಿಲಿನ ಮೇಲೆ ಕುಳಿತು ಆರ್ಡರ್ ಓದಿದ. ಮಡಿಸಿ ಜೇಬಿಗಿಟ್ಟುಕೊಂಡ. ಏಳಲು ನೋಡಿದ, ಆಗಲಿಲ್ಲ. ಎರಡನೆಯ ಸಲ ನೋಡಿದ. ಆಗಲೂ ಆಗಲಿಲ್ಲ. ಶೂ ಕಳಚಿದರೆ ಬೊಕ್ಕೆಗಳೆಲ್ಲ ಒಡೆದು, ಪಾದದಲ್ಲಿ ನೀಲಿಯೂ ಕೆಂಪೂ ಸೇರಿತ್ತು. ಸೋಮವಾರದವರೆಗೆ ಒಂದು ಹೆಜ್ಜೆಯನ್ನೂ ಇಡಬಾರದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ದೊಡ್ಡಮ್ಮ ಗಾಲಿಕುರ್ಚಿಯನ್ನು ತಂದು ಅವನ ಮುಂದೆ ನಿಲ್ಲಿಸಿದರು. ಅವರ ಮುಖದಲ್ಲಿದ್ದ ತೃಪ್ತಿಯನ್ನು ಬಣ್ಣಿಸುವುದು ಕಷ್ಟ.

ಹೀಗೆ, ತನ್ನ ಕಾಲು ಸರಿಯಾಗಿದೆಯೆಂದು ಸರ್ಟಿಫಿಕೇಟು ಸಮೇತ ಸಾಬೀತು ಮಾಡಿದ ಲೈನ್ ಇನ್‌ಸ್ಪೆಕ್ಟರು ಗಾಲಿಕುರ್ಚಿಯಲ್ಲಿ ಕುಳಿತು ಮನೆಗೆ ಹೊರಟ. ಬರಿಗಾಲು, ತೊಡೆಯ ಮೇಲೆ ಶೂ. ಹೆಂಡತಿ ತಳ್ಳುತ್ತಿದ್ದಳು. ದೊಡ್ಡಮ್ಮ ಮುಂದೆ ನಡೆಯುತ್ತ, "ದಾರಿ ಬಿಡಿ, ದಾರಿ ಬಿಡಿ" ಎಂದು ಖಾಲಿ ರಸ್ತೆಗೂ ಹೇಳುತ್ತಿದ್ದರು. ಬೀದಿಯ ಜನ ಮನೆಯಿಂದ ಹೊರಗೆ ಬಂದು ನಿಂತರು. ನೋಡಿದ್ದನ್ನು ನಂಬುವುದಕ್ಕೆ ಅವರಿಗೆ ಯಾರ ಸಹಿಯೂ ಬೇಕಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕುಳಿತಿದ್ದ ಒಬ್ಬರು ಅವನನ್ನು ಕಂಡು ಮರುಕದಿಂದ ಎದ್ದು ಸೀಟು ಬಿಟ್ಟುಕೊಟ್ಟರು. ಕುಳಿತೇ ಬರುತ್ತಿರುವವನಿಗೆ ಸೀಟು ಯಾಕೆಂದು ಹೊಳೆದು ಮತ್ತೆ ಕುಳಿತರು.

ಮನೆ ಹತ್ತಿರ ಬರುತ್ತಿದ್ದಂತೆ ಮ್ಯಾಪಣ್ಣ ಹಿಂದೆ ತಿರುಗದೆಯೇ, ಸಣ್ಣ ಧ್ವನಿಯಲ್ಲಿ ಹೇಳಿದ, "ಸೋಮವಾರದಿಂದ ಸಾಕ್ಸ್ ಹಾಕ್ಕೊಂಡೇ ಹೋಗ್ತೀನಿ ಕಣೆ."

"ಹಾಕ್ಕೊಳ್ಳಿ. ದಿನಾ ಹದಿನೈದು ಮೈಲಿ ನಡೀಬೇಕು." ಅವಳು ಕುರ್ಚಿಯನ್ನು ಕಲ್ಲು ತಪ್ಪಿಸಿ ತಿರುಗಿಸಿದಳು. "ಕಾಲು ವಾಸಿಯಾದ ಮೇಲೆ, ಭಾನುವಾರ ಸಾಯಂಕಾಲ ನನ್ನ ಜೊತೆ ಹೊರಗೆ ಬರುವಾಗ ಮಾತ್ರ ಬೇಡ."

"ಏನು ಬೇಡ?"

"ಕಾಲುಚೀಲ" ಎಂದಳು ಅವಳು.